ಹೆಗಡೇರು ಆರಿಸಿದ ಕ್ಯಾಮೆರಾ

ಅಮಾವಾಸ್ಯೆಯ ಕತ್ತಲಲ್ಲಿ ಕರಿ ಇರುವೆಯ ಎಡಗಾಲಿನ ಕೂದಲು ಎಣಿಸುವ ಕ್ಯಾಮೆರಾ ಈ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದನ್ನು ಆರಿಸಿದವನು ಯಲ್ಲಾಪುರದ ಸೀತಾರಾಮ ಹೆಗಡೆ. ಹಾಗೆಂದು ಊರಿಗೆಲ್ಲ ಸಾರಿದವನೂ ಅವನೇ.

ಈಗ ಅದೇ ಕ್ಯಾಮೆರಾದ ಕೆಳಗೆ, ಅನ್ನಪೂರ್ಣವ್ವನ ಖಾನಾವಳಿಯ ಹಿತ್ತಿಲಲ್ಲಿ, ಬೆಳಗಿನ ಎಂಟು ಗಂಟೆಗೆ ಅವನ ಮಾನ ಹರಾಜಾಗುತ್ತಿತ್ತು.

“ಇರುವಿ ಕಾಲು ಹಾಳಾಗಿ ಹೋಗ್ಲಿ,” ಎಂದಳು ಅನ್ನಪೂರ್ಣವ್ವ, ರೊಟ್ಟಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು. “ಹೂ ಕದ್ದಾಂವನ ಮಾರಿ ತೋರಸ್ರಿ ಹೆಗಡೇರ. ನಿನ್ನೆ ರಾತ್ರಿನೂ ಅಬ್ಬಲಿಗಿ ಗಿಡ ಬೋಳಾಗ್ಯಾವ.”

ಹೆದ್ದಾರಿಯ ಲಾರಿ ಡ್ರೈವರುಗಳಿಗೆ ರೊಟ್ಟಿ ಬಡಿದು ಬೆಳೆದ ಹೆಂಗಸು ಆಕೆ. ಹಿತ್ತಿಲ ಬಾವಿಯ ಪಕ್ಕದ ಅಬ್ಬಲಿಗೆ ಗಿಡಗಳನ್ನು ನಾಗಿಗೆ ವಹಿಸಿದ್ದಳು. ನಾಗಿ ನೀರು ಹಾಕಿ, ಹೂ ಕೊಯ್ದು, ದಂಡೆ ಕಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಅವಳ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಚೌತಿ ಹಬ್ಬ ಕಳೆದ ಮೇಲೆ, ಬೆಳಗಾಗುವುದರೊಳಗೆ ಹೂ ಮಾಯವಾಗತೊಡಗಿತು. ಹಿತ್ತಿಲ ಗೇಟಿಗೆ ಬೀಗ. ಕೀಲಿ ನಾಗಿಯ ಸೆರಗಿನಲ್ಲಿ. ಈ ಭಾನುವಾರದೊಳಗೆ ಕಳ್ಳ ಸಿಗದಿದ್ದರೆ ಹಿತ್ತಿಲು ಬೇರೆಯವರಿಗೆ ಎಂದು ಅನ್ನಪೂರ್ಣವ್ವ ಹೇಳಿಯಾಗಿತ್ತು. ಇವತ್ತು ಶನಿವಾರ.

ಕ್ಯಾಮೆರಾ ಆರಿಸಲು ಸೀತಾರಾಮನೇ ಏಕೆಂದರೆ, ಗೋಡೆಗೆ ಗೋಡೆ ತಾಗಿದ ನೆರೆಯವನು, ಸಾಲದ್ದಕ್ಕೆ ಟೆಲಿಫೋನ್ ಇಲಾಖೆಯ ರಿಟೈರ್ಡ್ ಲೈನ್‌ಮನ್. ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಯಲ್ಲಾಪುರದಿಂದ ದಿಲ್ಲಿಯವರೆಗೆ ಒಬ್ಬನೇ ಎಳೆದವನಂತೆ. ಅವನ ಮನೆಯ ಗಣಪತಿಗೆ ದಿನಕ್ಕೆ ಸಾವಿರದೊಂದು ಹೂವಂತೆ. ಅಂಗಳಕ್ಕೆಲ್ಲ ಸಿಮೆಂಟು ಬಳಿಸಿದವನ ಆ ಮಾತನ್ನು ಊರು ಸಾವಿರದ ಎರಡನೆಯ ಸುಳ್ಳೆಂದು ಬದಿಗಿಟ್ಟಿತ್ತು.

ಹೋದ ವಾರ ಶಿರಸಿಯ ಸಂಜಯನ ಅಂಗಡಿಯಲ್ಲಿ ಅವನು ಮೆರೆದ ರೀತಿಯೇ ರೀತಿ.

“ದುಡ್ಡು ಕಡಿಮೆ ಆಗ್ಬೇಕು, ರಾತ್ರಿ ಹಗಲಾಗ್ಬೇಕು. ತೆಗಿ,” ಎಂದ.

ಸಂಜಯ ಮೂರು ಇಟ್ಟ. “ಇದು ರಾತ್ರಿ ಅರವತ್ತಡಿ ಕಾಣ್ತದೆ.”

“ಇದರ ಲೈಟು ನೋಡಿ ಕಾಡುಹಂದಿಗಳು ಮದುವೆಮನೆ ಅಂತ ದಿಬ್ಬಣ ಕಟ್ಟಿಕೊಂಡು ಬರ್ತವೆ. ಒಳಗಿಡು.”

“ಇದು ಮೂವತ್ತಡಿ.”

“ಥೂ, ನಲ್ಲಿಯ ಮೂತಿ ಇದ್ದ ಹಾಗಿದೆ.”

“ಉಳಿದದ್ದು ಇದೊಂದೇ. ಹತ್ತಡಿ ಅಷ್ಟೇ, ಅದರಾಚೆ ಬರೀ ಕತ್ತಲೆ. ಬಾಗಿಲಿಗೆ ಸಾಕು, ಹಿತ್ತಿಲಿಗಲ್ಲ.”

“ಹತ್ತೇ? ಖಾತ್ರಿಯಾ?”

“ಖಾತ್ರಿ.”

“ಕಟ್ಟು. ಕೈಗುಣ ಇದ್ದವ ಕೂರಿಸಿದರೆ ಹತ್ತು ನೂರಾಗ್ತದೆ.”

“ಇನ್ನೊಂದು ಮಾತು ಹೆಗಡೇರೇ. ಯಾವುದೇ ಒಯ್ಯಿರಿ, ರಾತ್ರಿ ಹೊತ್ತು ಚಿತ್ರ—”

“ನಂಗೆ ಹೇಳಿಕೊಡ್ತ್ಯಾ? ನೀ ತೊಟ್ಟಿಲಲ್ಲಿದ್ದಾಗ ನಾ ಕಂಬದ ಮೇಲಿದ್ದೆ!”

ಉಳಿದ ದುಡ್ಡನ್ನು ಪೈಸೆ ಬಿಡದೆ ಅನ್ನಪೂರ್ಣವ್ವನ ಕೈಗೆ ಹಾಕಿ, ಅದರ ಮೇಲೊಂದು ಭಾಷಣವನ್ನೂ ಬಿಗಿದಿದ್ದ.

“ಸಂಜಯಗ ಫೋನ್ ಮಾಡೇನಿ,” ಎಂದಳು ಈಗ ಅನ್ನಪೂರ್ಣವ್ವ. “ಈ ಕುರುಡನ್ನ ಒಯ್ದು, ಅರವತ್ತಡೀದು ಹಾಕಿ ಹೋಗ್ತಾನ.”

ಸೀತಾರಾಮ ಹೆಗಡೆ ಆರಿಸಿದ್ದನ್ನು ವಾಪಸ್ ಕಳಿಸುವುದೇ?

“ಕುರುಡಾ? ಬೆಳಿಗ್ಗೆ ಚಾ ಕುಡಿಲಿಕ್ಕೆ ಬಂದಾಗಲೇ ನಿಮ್ಮ ಟೀವಿಲಿ ಎಲ್ಲ ನೋಡಿಯಾಗದೆ. ಬಡವಿ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ಬಾಯಿ ಕಟ್ಟಿಕೊಂಡಿದ್ದೆ.” ಅವನು ದನಿ ತಗ್ಗಿಸಿದ. “ನಾಲ್ಕೂಮುಕ್ಕಾಲು. ಬಾವಿಕಟ್ಟೆ. ನಾಗಿ. ಗಿಳಿಹಸಿರು ಸೀರೆ, ಅರಿಶಿನದ ಅಂಚು. ನೂಲುನೂಲೂ ಕಾಣ್ತದೆ!”

ಮಾಸಿದ ಕಂದು ಸೀರೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ನಾಗಿ ಬಿಳಿಚಿಕೊಂಡಳು.

“ಸುಳ್ಳೇನ ನಾಗಿ?” ಎಂದಳು ಅನ್ನಪೂರ್ಣವ್ವ.

“ಸುಳ್ಳಲ್ಲ ಅವ್ವಾ. ನಾನೇ. ಕಳ್ಳನ್ನ ಹಿಡೀಬೇಕು ಅಂತ ಬಂದಿದ್ದೆ. ತಂಗಿ ಮನೇಲಿ ಉಳಿದಿದ್ದೆ, ಅವಳು ಉಡಿಸಿದ ಹಬ್ಬದ ಸೀರೇಲೇ ಬಂದೆ. ಬಾವಿ ಹತ್ರ ಯಾರೋ ಮುಖಕ್ಕೆ ಬ್ಯಾಟರಿ ಬಿಟ್ರು. ನಂಗೆ ಕಣ್ಣೇ ಕಾಣ್ಲಿಲ್ಲ. ಅಷ್ಟರಲ್ಲಿ ಓಡಿಹೋದ್ರು. ನಾನು ಮನೆಗೆ ಹೋಗಿ ಸೀರೆ ಬದಲಾಯಿಸಿ ಬಂದೆ. ದಾರೀಲಿ ಒಂದು ನರಪಿಳ್ಳೆ ಎದುರಾಗಿಲ್ಲ.”

“ಆವಾಗ್ಲೇ ಯಾಕ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ?”

ಅನ್ನಪೂರ್ಣವ್ವ ಕೈ ಚಾಚಿದಳು. ನಾಗಿ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಆ ಹಿಟ್ಟಿನ ಅಂಗೈಯಲ್ಲಿಟ್ಟಳು.

ಸೀತಾರಾಮ ಮೀಸೆಯ ಮೇಲೆ ಕೈಯಾಡಿಸಿದ. “ನೋಡಿದ್ರಲ್ಲ, ನನ್ನ ಕ್ಯಾಮೆರಾ!”

“ನಾನೂ ಸ್ವಲ್ಪ ನೋಡ್ತೆ,” ಎಂದಿತು ಹಿಂದಿನಿಂದ ಒಂದು ದನಿ. ಸಂಜಯ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿದನೋ. ಸೀದಾ ಒಳಗೆ ಹೋಗಿ ಟೀವಿ ಹಾಕಿದ. ಎಲ್ಲರೂ ಹಿಂದೆ ಹೋದರು.

ನಾಲ್ಕೂಮುಕ್ಕಾಲು. ಪರದೆಯ ಮೇಲೆ ಬೂದು ಗೋಡೆ, ಬೂದು ಮೆಟ್ಟಿಲು, ಒಂದು ಬೂದು ಚಿಟ್ಟೆ. ಅದರಾಚೆ ಮಸಿ. ಬಾವಿಯೂ ಇಲ್ಲ, ನಾಗಿಯೂ ಇಲ್ಲ.

“ಅವತ್ತು ನೀವು ನನ್ನ ಮಾತು ಮುಗಿಸಲಿಕ್ಕೆ ಬಿಡ್ಲಿಲ್ಲ ಹೆಗಡೇರೇ,” ಎಂದ ಸಂಜಯ. “ಕತ್ತಲಾದ ಮೇಲೆ ಇದರಲ್ಲಿ ಬಣ್ಣ ಬರೂದಿಲ್ಲ. ಕಪ್ಪು ಬಿಳುಪು ಅಷ್ಟೇ. ಗಿಳಿಹಸಿರು ನಿಮಗೆ ಎಲ್ಲಿ ಕಂಡಿತು?”

ಸೀತಾರಾಮನ ಕೈ ಮೀಸೆಯಿಂದ ಕೆಳಗಿಳಿಯಿತು. ಜೀವಮಾನದಲ್ಲಿ ಮೊದಲ ಸಲ ಅವನು ಆ ಸೀರೆಗೆ ಒಂದು ನೂಲೂ ಹೆಚ್ಚಿಸದೆ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದ.

“ಬ್ಯಾಟರಿ ಬಿಟ್ಟಾಂವಗ ಕಂಡಿರ್ತದ,” ಎಂದಳು ಅನ್ನಪೂರ್ಣವ್ವ, ಮೆಲ್ಲಗೆ. ಕೀಲಿಯನ್ನು ಸೆರಗಿನಿಂದ ಒರೆಸಿ ನಾಗಿಯ ಬುಟ್ಟಿಗೆ ಹಾಕಿದಳು. “ದಿನಕ್ಕ ಎಷ್ಟ ಹೂ ಅಂದಿದ್ರಿ, ನಿಮ್ಮ ಗಣಪ್ಪಗ?”

“ಸಾವಿರದ... ಇಲ್ಲ. ಒಂದು ಬುಟ್ಟಿ.” ಅವನು ನೆಲ ನೋಡಿದ. “ಕದ್ದು ತಂದ ಹೂವಿಗೆ ಪುಣ್ಯ ಹೆಚ್ಚು ಅಂತಾರಲ್ಲ.”

“ಪುಣ್ಯ ಇರ್ಲಿ. ಅಂಗಡ್ಯಾಗ ಮೂರು ಇದ್ವಂತ. ಹುಡುಕಿ ಹುಡುಕಿ ಈ ಕುರುಡನ್ನ ಯಾಕ ಆರಿಸಿದ್ರಿ?”

“ಬಾವಿಕಟ್ಟೆ ಇಪ್ಪತ್ತಡಿ ದೂರ,” ಎಂದ ಸೀತಾರಾಮ. “ಹತ್ತಡಿ ಆಚೆ ಏನೂ ಕಾಣೂದಿಲ್ಲ ಅಂತ ಇವ ಖಾತ್ರಿ ಕೊಟ್ಟಿದ್ದ, ಅದಕ್ಕೇ.”