ತಮ್ಮ ಅಳು ನಿಲ್ಲಿಸಿದ ಮಧ್ಯಾಹ್ನ

ಇವತ್ತಿಗೂ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ನನಗೆ ಸೀನಿಗಿಂತ ಮೊದಲು ಸಿಟ್ಟು ಬರುತ್ತದೆ.

ಆಗ ನನಗೆ ಏಳು ವರ್ಷ. ಮರುದಿನ ಬ್ಯಾಡಗಿ ಪೇಟೆಗೆ ಒಯ್ಯಬೇಕಿದ್ದ ಕಾಯಿಯ ರಾಶಿ ಪಡಸಾಲೆ ತುಂಬ ಹರಡಿತ್ತು. ಅವ್ವ ಬೆಳಗಿನಿಂದ ತೊಟ್ಟು ಮುರಿಯುತ್ತ ಕೂತಿದ್ದಳು. ಒಳಗೆ ತೊಟ್ಟಿಲಲ್ಲಿ ಎಳೆಗೂಸು ತಮ್ಮ ಒಂದೇ ಸಮ ಚೀರುತ್ತಿದ್ದ. ಅವ್ವ ಏಳಲು ಹೋದಾಗಲೆಲ್ಲ ಅಜ್ಜಿ ಗದರುತ್ತಿದ್ದಳು: “ಕುಂದ್ರು. ಎತ್ತಿ ಎತ್ತಿ ರೂಢಿ ಮಾಡಬ್ಯಾಡ. ಅತ್ತು ಅತ್ತು ತಾನ ಸುಮ್ಮನ ಆಕ್ಕಾನ.”

“ನಾ ಎತ್ಕೊಳ್ಲೇನಬೇ?” ಅಂದೆ.

“ನೀ ಬಾಯಿ ಮುಚ್ಕೊಂಡು ತೊಟ್ಟು ಮುರಿ,” ಅಂದಳು ಅಜ್ಜಿ. ಮತ್ತೊಂದು ಹಿಡಿ ಕಾಯಿ ಎಳೆದುಕೊಂಡೆ. ಅವ್ವನ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಅವಳೂ ತಲೆ ಎತ್ತಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ತಮ್ಮ ಸುಮ್ಮನಾದ. “ನೋಡು, ಎಷ್ಟ ಶಾಣ್ಯಾ ಆದ!” ಎಂದು ಅಜ್ಜಿ ನಕ್ಕಳು.

ಅವ್ವ ಒಳಗೆ ಓಡಿದಳು. ತಮ್ಮ ನಿದ್ದೆ ಹೋಗಿರಲಿಲ್ಲ. ಕಣ್ಣು ಬಿಟ್ಟುಕೊಂಡು ಜಂತಿ ನೋಡುತ್ತಿದ್ದ. ಎಷ್ಟು ಕರೆದರೂ ಅವ್ವನ ಕಡೆ ತಿರುಗಲಿಲ್ಲ. ಖಾರ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು, ಬಗ್ಗಿ, ಅವನ ಕೆನ್ನೆಗೆ ಕೆನ್ನೆ ಒತ್ತಿ ಅವ್ವ ಬೇಡಿಕೊಂಡಳು:

“ಅಳೋ ನನ್ನಪ್ಪಾ, ಒಮ್ಮೆ ಅಳೋ.”