ಸುಟ್ಟ ಭೂಮಿ

ಬಚ್ಚಲೊಲೆಯ ಬೂದಿ ಕೆದರಿ ಅಂಬಿಕಾ ಮಣ್ಣಿನ ಉಂಡೆಯನ್ನು ಹೊರಗೆಳೆದಳು. ವೇಲಿನಿಂದ ಒರೆಸಿದಳು. ಅದು ತಮ್ಮ ಶರಣನ ವಿಜ್ಞಾನ ಪ್ರದರ್ಶನಕ್ಕೆಂದು ಅವಳು ಮಾಡಿದ ಭೂಮಿ; ಹೊಟ್ಟೆಯಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತವಿತ್ತು. ಹಸಿ ಮಣ್ಣು ಬಿರುಕು ಬಿಟ್ಟೀತೆಂದು ಗೆಣಸು ಸುಡುವ ಹಾಗೆ ಕೆಂಡದಲ್ಲಿ ಹೂತಿದ್ದಳು. ಮಾಡಿಕೊಟ್ಟರೆ, ಪ್ರದರ್ಶನ ನಡೆಯುವ, ಅವಳು ಅರ್ಧಕ್ಕೇ ಬಿಟ್ಟ ಹೊಸದುರ್ಗದ ಶಾಲೆಗೆ ಕರೆದೊಯ್ಯುತ್ತೇನೆಂದು ಶರಣ ಮಾತು ಕೊಟ್ಟಿದ್ದ.

ಶರಣ ಉಂಡೆಯ ಪಕ್ಕ ದಿಕ್ಸೂಚಿ ಹಿಡಿದ. ಉಂಡೆಯನ್ನು ಎಷ್ಟು ತಿರುಗಿಸಿದರೂ ಮುಳ್ಳು ಉತ್ತರ ಬಿಟ್ಟು ಅಲುಗಲಿಲ್ಲ.

"ಸುಟ್ರೆ ಅಯಸ್ಕಾಂತ ಸಾಯ್ತೈತೆ ಕಣಕ್ಕ! ಭೂಮಿ ಮಾಡು ಅಂದ್ರೆ ಮಂಗಳ ಗ್ರಹ ಮಾಡಿಟ್ಟಿದೀಯ. ಅದಕ್ಕೂ ಅಯಸ್ಕಾಂತದ ಕಾವಲು ಹೋಗಿ, ಇದ್ದ ಗಾಳೀಲಿ ಬಹುಪಾಲು ಸೂರ್ಯ ಬಾಚ್ಕೊಂಡು ಹೋದ."

"ಭೂಮಿ ಒಳಗೂ ಬೆಂಕಿಯಂಥ ಬಿಸಿ ಐತಲ್ಲ. ಅದ್ಯಾಕೆ ಸತ್ತಿಲ್ಲ?"

"ಅಲ್ಲಿ ಕರಗಿದ ಕಬ್ಬಿಣ ಹೊರಳಾಡ್ತಾನೇ ಇರ್ತೈತೆ, ಅದಕ್ಕೇ ಕಾವಲು ಉಳಿದೈತೆ. ಹೊರಳಾಟ ನಿಂತ್ರೆ ಅದೂ ಮುಗೀತು."

"ಒಲೆ ಮುಂದೆ ಕೂರೋಳಿಗೆ ಅದೆಲ್ಲ ಯಾಕೆ?" ತಾಯಿ ಮಹಾದೇವಮ್ಮ ನಕ್ಕಳು. "ಹೋಗಿ ರೊಟ್ಟಿ ತಟ್ಟು."

ಶರಣ ಉಂಡೆಯನ್ನು ತಿಪ್ಪೆಗೆಸೆದು ಚೀಲ ಹೆಗಲಿಗೇರಿಸಿದ. ಅಂಬಿಕಾ ಬೂದಿಗೈಯಲ್ಲೇ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಳು. ತಾಯಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ತಮ್ಮ ಆಗಲೇ ಬೀದಿಗಿಳಿದಿದ್ದ.

"ನನ್ನೂ ಕರ್ಕೊಂಡು ಹೋಗೋ," ಎಂದಳು.