ಅಗ್ಗದ ರೆಕಾರ್ಡರ್

ಕಛೇರಿಗಳಲ್ಲಿ ತಮ್ಮ ಹಿಂದೆ ಕೂತು ದನಿಗೂಡಿಸುವ ಶಿಷ್ಯೆಯೇ ಶ್ರುತಿ ಕೆಡಿಸುತ್ತಾಳೆ ಎಂದು ಸಂಗೀತದ ಮೇಷ್ಟ್ರಿಗೆ ಖಾತ್ರಿಯಾಗಿತ್ತು. ಈಚೆಗೆ ಸಂಗೀತ ಸಭೆಗಳವರು ಕರೆಯುವುದನ್ನೇ ನಿಲ್ಲಿಸಿದ್ದರು. ಬೈದರೆ ಅವಳು ತಲೆ ತಗ್ಗಿಸುತ್ತಿದ್ದಳೇ ಹೊರತು ತಿದ್ದಿಕೊಳ್ಳುತ್ತಿರಲಿಲ್ಲ. ಇನ್ನು ಅವಳ ಕಿವಿಗೇ ಕೇಳಿಸಿಬಿಡೋಣವೆಂದು ಅವಳನ್ನೂ ಕರೆದುಕೊಂಡು ರೆಕಾರ್ಡರ್ ಕೊಳ್ಳಲು ಅಂಗಡಿಗೆ ಬಂದಿದ್ದರು.

“ದುಬಾರೀದು ಬೇಡಪ್ಪ. ಪಾಠ, ಕಛೇರಿ ರೆಕಾರ್ಡ್ ಆದ್ರೆ ಸಾಕು. ಅಪಸ್ವರ ಇದ್ರೆ ಮಾತ್ರ ಹಾಗ್‌ಹಾಗೇ ಕೇಳಿಸ್ಬೇಕು.”

ಅಂಗಡಿಯವನು ಅಂಗೈಯಗಲದ ರೆಕಾರ್ಡರೊಂದನ್ನು ಮುಂದಿಟ್ಟ. “ಇರೋದ್ರಲ್ಲಿ ಅಗ್ಗದ್ದು ಇದೇ ಸರ್. ಆದ್ರೆ ಏನನ್ನೂ ಮುಚ್ಚಿಡಲ್ಲ.”

“ಫೋನೇ ಸಾಕಲ್ವಾ ಮೇಷ್ಟ್ರೇ?” ಎಂದಳು ಶಿಷ್ಯೆ.

“ಯಾಕಮ್ಮಾ, ಹೆದರಿಕೆನಾ? ಹಾಡು.”

ಮೇಷ್ಟ್ರು ಚೀಲದಿಂದ ಶ್ರುತಿಪೆಟ್ಟಿಗೆ ಹೊರತೆಗೆದು ಚಾಲೂ ಮಾಡಿದರು. ಅವಳು ವರ್ಣದ ಪಲ್ಲವಿ ಹಾಡಿದಳು. ಎರಡನೆಯ ಸಲಕ್ಕೆ ಮೇಷ್ಟ್ರೂ ಸೇರಿಕೊಂಡರು.

ಅಂಗಡಿಯವನು ರೆಕಾರ್ಡ್ ಆದದ್ದನ್ನು ಕೇಳಿಸಿದ. ಒಬ್ಬಳೇ ಹಾಡಿದಷ್ಟು ಹೊತ್ತೂ ಅವಳ ದನಿ ಶ್ರುತಿಯಲ್ಲಿ ಕರಗಿಹೋಗಿತ್ತು. ಆಮೇಲೆ ಮೇಷ್ಟ್ರ ದನಿ ಬಂತು, ಶ್ರುತಿಗಿಂತ ಒಂದೆಳೆ ಕೆಳಗೆ. ಮರುಕ್ಷಣವೇ ಅವಳ ದನಿ ಶ್ರುತಿಯನ್ನು ಬಿಟ್ಟು, ಮೆಲ್ಲಗೆ ಇಳಿದು, ಅವರ ದನಿಯ ಪಕ್ಕಕ್ಕೆ ಹೋಗಿ ನಿಂತಿತು.

ಮೇಷ್ಟ್ರು ಇನ್ನೊಮ್ಮೆ ಹಾಕಿಸಿ ಕೇಳಿದರು. ಅದೇ. ಶ್ರುತಿಪೆಟ್ಟಿಗೆಯನ್ನು ಆರಿಸಲು ಅವರ ಕೈ ತಡಕಾಡಿತು.

“ಇದ್ರಲ್ಲಿ ಸರಿಯಾಗಿ ರೆಕಾರ್ಡ್ ಆಗಲ್ಲ ಮೇಷ್ಟ್ರೇ,” ಎಂದಳು ಶಿಷ್ಯೆ, ತಲೆ ತಗ್ಗಿಸಿಕೊಂಡೇ. “ಬೇಡ ಬಿಡಿ.”